ಸತ್ತ ಮಗುವಿನ ಮೂಳೆಗೆ ಯಾವ ಕಾಯಿಲೆ ನೆನಪಿರುತ್ತೆ?

ಹೋದ ತಿಂಗಳು ಚಳ್ಳಕೆರೆಯಲ್ಲಿ ಮಾತಾಡಿದ್ದು ಇದು. ಬರೋಕಾಗದೇ ಇದ್ದೋರು ಕೇಳಿದ್ರು ಅಂತ ರೆಕಾರ್ಡಿಂಗ್ ಹಾಕ್ಕೊಂಡು ಟೈಪ್ ಮಾಡಿದೀನಿ. ಸ್ಲೈಡ್ ಇಲ್ಲಿ ಕಾಣಲ್ಲ, ಹಾಗಾಗಿ ಕೆಲವು ಕಡೆ ನಾಲ್ಕು ಮಾತು ಜಾಸ್ತಿ ಸೇರಿಸಿದೀನಿ, ಮಧ್ಯೆ ಕರೆಂಟ್ ಹೋದಾಗ ಹೇಳಿದ ಜೋಕುಗಳನ್ನ ತೆಗೆದುಬಿಟ್ಟಿದೀನಿ.

ಎಲ್ರಿಗೂ ನಮಸ್ಕಾರ. ಬಸ್ ಸ್ಟ್ಯಾಂಡಿಂದ ಇಲ್ಲಿಗೆ ಬರುವಾಗ ಆಟೋದವರು ಕೇಳಿದ್ರು, ಏನ್ ಸಾರ್ ಇವತ್ತು ಫಂಕ್ಷನ್ನು ಅಂತ. ಹಳೇ ಕಾಲದ ಮಕ್ಕಳ ಮೂಳೆ ನೋಡಿ ಏನು ಕಾಯಿಲೆ ಇತ್ತು ಅಂತ ಕಂಡುಹಿಡಿಯೋದರ ಬಗ್ಗೆ ಮಾತಾಡ್ತೀನಿ ಅಂದೆ. "ಹಂಗಾರೆ ಮಗು ಯಾತಕ್ಕೆ ಸತ್ತಿತು ಅಂತ ಹೇಳಿಬಿಡ್ತೀರಾ?" ಅಂದ್ರು. ಇಲ್ಲಪ್ಪ, ಅದನ್ನ ಹೇಳೋಕಾಗಲ್ಲ ಅಂದೆ. "ಮತ್ತಿನ್ನೇನು ಹೇಳ್ತೀರ?" ಅಂದ್ರು. ಇವತ್ತಿನ ಮಾತೆಲ್ಲ ಆ ಒಂದು ಪ್ರಶ್ನೆಗೇ ಉತ್ತರ ಅಂದ್ಕೊಳ್ಳಿ.

ನಾನು ಪಾಠ ಮಾಡೋದು ಅನಾಟಮಿ, ಅಂದ್ರೆ ಅಂಗರಚನೆ. ಹಳೇ ಮೂಳೆ ಓದೋದು ನನ್ನ ಹುಚ್ಚು, ಸಂಬಳದ ಕೆಲಸ ಅಲ್ಲ. ಮೊದಲು ಒಂದು ವಿಷಯ ತಲೇಲಿ ಇಟ್ಕೊಳ್ಳಿ. ಹಿಂದಿನ ಕಾಲದಲ್ಲಿ ಮಕ್ಕಳನ್ನ ಕೊಂದಿದ್ದು ಹೆಚ್ಚಾಗಿ ವಾಂತಿಭೇದಿ, ದಡಾರ, ನ್ಯುಮೋನಿಯಾ, ಇಂಥವು. ಇವೆಲ್ಲ ನಾಲ್ಕೈದು ದಿನ, ಹೆಚ್ಚೆಂದ್ರೆ ಎರಡು ವಾರದಲ್ಲಿ ಕೆಲಸ ಮುಗಿಸಿಬಿಡ್ತವೆ, ಮೂಳೆ ಇದೆಯಲ್ಲ ಅದು ನಿಧಾನಸ್ಥ, ಅದಕ್ಕೆ ಸುದ್ದಿ ಮುಟ್ಟಿ ಅದು ಹೊಸ ಪದರ ಕಟ್ಟೋದೋ ತೂತಾಗೋದೋ ಏನಾದ್ರೂ ಕಣ್ಣಿಗೆ ಕಾಣೋ ಹಾಗೆ ಮಾಡೋಕೆ ವಾರಗಟ್ಟಲೆ ತಿಂಗಳುಗಟ್ಟಲೆ ಬೇಕು. ಸಿಡುಬು ಕೂಡ ಅಷ್ಟೇ, ಬಂದ ಮಕ್ಕಳಲ್ಲಿ ಎಲ್ಲೋ ಕೆಲವರಿಗೆ ಎರಡೂ ಮೊಣಕೈ ಕೀಲು ಹಾಳಾಗಿ ಗುರುತು ಉಳಿಯುತ್ತೆ, ಅದೂ ಬದುಕಿ ಉಳಿದ ಮಕ್ಕಳಲ್ಲಿ. ಜ್ವರ ಬಂದ ವಾರದಲ್ಲೇ ಹೋದ ಮಗುವಿನ ಮೂಳೆ ನೋಡಿದ್ರೆ ಚಿನ್ನದಂಗಿರುತ್ತೆ, ಏನೂ ಆಗೇ ಇಲ್ಲ ಅನ್ನೋ ಹಾಗೆ.

ಅಂದ್ರೆ ಏನಾಯ್ತು? ಮೂಳೆ ಮೇಲೆ ಕಾಯಿಲೆ ಗುರುತು ಇದ್ರೆ ಆ ಮಗು ಕಾಯಿಲೆ ಜೊತೆ ಒಂದಷ್ಟು ಕಾಲ ಹೆಣಗಾಡಿ ಬದುಕಿತ್ತು ಅಂತ ಅರ್ಥ. ಗುರುತು ಇಲ್ದೇ ಇದ್ರೆ ಒಂದೋ ಗಟ್ಟಿಯಾಗಿತ್ತು, ಇಲ್ಲಾ ಹೆಣಗಾಡೋಕೂ ಟೈಮ್ ಸಿಗದಷ್ಟು ಬಡಕಲಾಗಿತ್ತು. ಎರಡೂ ಒಂದೇ ಥರ ಕಾಣುತ್ತೆ! 1992ರಲ್ಲಿ ಜೇಮ್ಸ್ ವುಡ್ ಮತ್ತೆ ಅವರ ಜೊತೆಯವರು ಇದನ್ನ ಪೇಪರ್ ಬರೆದು ಹೇಳಿದಾಗ ಈ ಫೀಲ್ಡಿನ ಅರ್ಧ ಜನಕ್ಕೆ ನಿದ್ದೆ ಹೋಯ್ತು, ಯಾಕಂದ್ರೆ ಅಲ್ಲೀವರೆಗೂ ಗುರುತು ಜಾಸ್ತಿ ಇರೋ ಸ್ಮಶಾನ ಅಂದ್ರೆ ಕಾಯಿಲೆ ಊರು, ಕಮ್ಮಿ ಇದ್ರೆ ಆರೋಗ್ಯದ ಊರು ಅಂತ ಎಣಿಸ್ಕೊಂಡು ಕೂತಿದ್ರು. ಈಗ್ಲೂ ಹಾಗೇ ಎಣಿಸೋರು ಇದಾರೆ ಬಿಡಿ.

ಸರಿ, ಈಗ ಮೂಳೆಗೆ ಬರೋಣ. ದೊಡ್ಡವರಿಗೆ 206 ಮೂಳೆ, ಇದು ಎಲ್ರಿಗೂ ಗೊತ್ತು. ಹುಟ್ಟಿದ ಮಗುವಿಗೆ ಎಷ್ಟು? ಸುಮಾರು 300 ಹತ್ರ. ಇನ್ನೂ ಒಂದಕ್ಕೊಂದು ಕೂಡಿಕೊಂಡಿರಲ್ಲ, ಬೆನ್ನಿನ ಒಂದೊಂದು ಕಶೇರುವೂ ಮೂರು ಚೂರು, ಉದ್ದ ಮೂಳೆಗಳ ತುದಿ ಬೇರೆ ಬೇರೆ, ಅದರಲ್ಲೂ ತುದಿ ಎಷ್ಟೋ ಕಡೆ ಇನ್ನೂ ಬರೀ ಮೃದ್ವಸ್ಥಿ, ಅಂದ್ರೆ ಗಟ್ಟಿಯಾಗದ ಮೆತ್ತನೆ ಮೂಳೆ, ಮಣ್ಣಲ್ಲಿ ಕರಗಿ ಹೋಗಿರುತ್ತೆ. ಅಗೆಯೋ ಕೂಲಿಯವರಿಗೆ ಇದು ಕೋಳಿ ಮೂಳೆಯೋ ಮೊಲದ್ದೋ ಅಂತ ಕಾಣುತ್ತೆ, ಎಷ್ಟೋ ಕಡೆ ಮಕ್ಕಳ ಮೂಳೆ ಪ್ರಾಣಿ ಮೂಳೆಯ ಕವರಿಗೇ ಹೋಗಿ ಸೇರಿದೆ. ಹಲ್ಲಿನ ಮೊಗ್ಗುಗಳಂತೂ ಅಕ್ಕಿನುಚ್ಚಿನ ಥರ, ಜರಡಿ ಹಿಡೀದೇ ಇದ್ರೆ ಸಿಗೋ ಮಾತೇ ಇಲ್ಲ.

ಆದ್ರೆ ಆ ಹಲ್ಲೇ ನಮ್ಮ ಪಂಚಾಂಗ. ಮಗುವಿನ ವಯಸ್ಸು ಹೇಳೋದು ಹಲ್ಲು ಎಷ್ಟು ಕಟ್ಟಿದೆ ಅನ್ನೋದರ ಮೇಲೆ. ಇದು ಸರೀನಾ ಅಂತ ಚೆಕ್ ಮಾಡೋಕೆ ಒಂದು ಒಳ್ಳೇ ಜಾಗ ಸಿಕ್ಕಿತು, ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್, ಅಲ್ಲಿನ ಕ್ರೈಸ್ಟ್ ಚರ್ಚಿನ ನೆಲಮಾಳಿಗೆ. 1984ರಿಂದ 86ರವರೆಗೆ ಅಲ್ಲಿಂದ ಸಾವಿರದ ಹತ್ತಿರ ಅಸ್ಥಿಪಂಜರ ತೆಗೆದ್ರು, ಅದರಲ್ಲಿ 387 ಪೆಟ್ಟಿಗೆಗಳ ಮೇಲೆ ತಗಡು ಇತ್ತು, ಹೆಸರು ವಯಸ್ಸು ಸತ್ತ ದಿನ ಎಲ್ಲ ಬರೆದಿದ್ರು. ಕೊಶ್ಚನ್ ಪೇಪರ್ ಜೊತೆ ಉತ್ತರವನ್ನೂ ಕೊಟ್ಟ ಹಾಗೆ! ದೊಡ್ಡವರ ವಯಸ್ಸು ಹೇಳೋದರಲ್ಲಿ ನಮ್ಮೋರು ಚೆನ್ನಾಗಿ ಮಕಾಡೆ ಬಿದ್ರು, ಮಕ್ಕಳ ಹಲ್ಲು ಮಾತ್ರ ಕೈ ಬಿಡಲಿಲ್ಲ. ಗಂಡೋ ಹೆಣ್ಣೋ ಅನ್ನೋದು ಮಕ್ಕಳ ಮೂಳೆ ನೋಡಿ ಹೇಳೋಕಾಗಲ್ಲ, ಅದಕ್ಕೆ ಡಿಎನ್ಎ ಬೇಕು, ಇಲ್ಲಾ ಹಲ್ಲಿನ ಗಟ್ಟಿ ಹೊರಪದರ ಇದೆಯಲ್ಲ ಎನಾಮಲ್, ಅದರ ಪ್ರೋಟೀನು ನೋಡಬೇಕು.

ಈಗ ರಿಕೆಟ್ಸ್. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡ್ತೀನಿ, ಯಾಕಂದ್ರೆ ಇದರಲ್ಲಿ ಮೋಸ ಹೋಗೋದು ಸುಲಭ. ವಿಟಮಿನ್ ಡಿ ಕಮ್ಮಿ ಆದ್ರೆ ಮೂಳೆಯ ಹಂದರ ಕಟ್ಕೊಂಡು ಹೋಗುತ್ತೆ ಆದ್ರೆ ಅದಕ್ಕೆ ಸುಣ್ಣ ಕೂರಲ್ಲ. ಸಾರುವೆ ಕಟ್ಟಿ ಕಾಂಕ್ರೀಟ್ ಹಾಕದೇ ಬಿಟ್ಟಂಗೆ. ಮೂಳೆ ತುದಿ ಅಗಲ ಆಗಿ ಬಟ್ಟಲಿನ ಥರ ಗುಳಿ ಬೀಳುತ್ತೆ, ಅಂಚು ನೂಲು ಬಿಟ್ಟ ಬಟ್ಟೆ ಥರ ಆಗುತ್ತೆ, ಪಕ್ಕೆಲುಬಿನ ಮುಂದಿನ ತುದಿಗಳು ಉಬ್ಬಿ ಸಾಲಾಗಿ ಮಣಿಸರ ಪೋಣಿಸಿದಂಗೆ ಕಾಣುತ್ತೆ. ಆಮೇಲೆ ಭಾರ ಬಿದ್ದ ಕಡೆ ಬಗ್ಗುತ್ತೆ. ಅಂಬೆಗಾಲಿಡೋ ವಯಸ್ಸಲ್ಲಿ ಬಂದ್ರೆ ಕೈ ಮೂಳೆ ಬಗ್ಗುತ್ತೆ, ನಡೆಯೋ ವಯಸ್ಸಲ್ಲಾದ್ರೆ ಕಾಲು. ಮಗು ಸತ್ತು ನಾನೂರು ವರ್ಷ ಆದ್ಮೇಲೂ ಅದು ಅಂಬೆಗಾಲಿಡ್ತಿತ್ತು ಅಂತ ಮೊಳಕೈ ಕೆಳಗಿನ ಮೂಳೆ ನೋಡಿ ಹೇಳಬಹುದು. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ, ಅತಿ ಸಂಕಟವಾಗೋ ವಿಷಯನೂ ಇದೇ.

ರಿಕೆಟ್ಸ್ ಅಂದ ತಕ್ಷಣ ಎಲ್ರ ತಲೆಗೂ ಬರೋದು ಇಂಗ್ಲೆಂಡಿನ ಕಾರ್ಖಾನೆ ಊರು, ಹೊಗೆ, ಬಿಸಿಲೇ ಬೀಳದ ಗಲ್ಲಿ, ಬಡವರ ಮಕ್ಕಳು. ಅದು ಸುಳ್ಳಲ್ಲ. ಯಾರ್ಕ್‌ಶೈರಿನ ಫ್ಯೂಸ್ಟನ್ ಅನ್ನೋ ಹಳ್ಳಿ ಸ್ಮಶಾನದಲ್ಲಿ ಹತ್ತೊಂಬತ್ತನೇ ಶತಮಾನದ ಗಿರಣಿ ಮಕ್ಕಳ ಮೂಳೆ ಸಿಕ್ಕಿದೆ, ವರ್ಕ್‌ಹೌಸುಗಳಿಂದ, ಅಂದ್ರೆ ಗತಿಯಿಲ್ಲದವರನ್ನ ಇಟ್ಟು ದುಡಿಸ್ತಿದ್ದ ಜಾಗಗಳಿಂದ, ತಂದು ದುಡಿಮೆಗೆ ಹಾಕಿದ ಮಕ್ಕಳು, ಬೆಳವಣಿಗೆ ಕುಂಠಿತ, ರಿಕೆಟ್ಸ್, ಎದೆಗೂಡಲ್ಲಿ ಶ್ವಾಸಕೋಶದ ತೊಂದರೆಯ ಗುರುತು, 2023ರಲ್ಲಿ ಪ್ರಿಂಟ್ ಆಯ್ತು ಆ ಸ್ಟಡಿ.

ಆದ್ರೆ ಈಗ ಇಟಲಿಯ ಫ್ಲಾರೆನ್ಸಿಗೆ ಬನ್ನಿ. ಮೆಡಿಚಿ ಮನೆತನ, ಅಂದ್ರೆ ಪೋಪ್‌ಗಳನ್ನ, ರಾಣಿಯರನ್ನ ಕೊಟ್ಟ ಮನೆ, ಹಣ ಎಣಿಸೋಕೆ ಆಳು ಇಟ್ಟಿದ್ದ ಮನೆ. ಅವರ ಸ್ಯಾನ್ ಲೊರೆಂಜೊ ಚರ್ಚಿನಲ್ಲಿ 2004ರಲ್ಲಿ ಒಂದು ಮುಚ್ಚಿಹೋಗಿದ್ದ ನೆಲಮಾಳಿಗೆ ಸಿಕ್ಕಿತು, ಒಳಗೆ ಮಕ್ಕಳು. ಹದಿನಾರು ಹದಿನೇಳನೇ ಶತಮಾನದ ಒಂಬತ್ತು ಮಕ್ಕಳನ್ನ ಪೀಸಾದ ವಿಜ್ಞಾನಿಗಳು ಪರೀಕ್ಷೆ ಮಾಡಿದ್ರು, ಆರು ಮಕ್ಕಳಿಗೆ ರಿಕೆಟ್ಸ್! ಒಂಬತ್ತಕ್ಕೆ ಆರು. ಊಟಕ್ಕೇನು ಕಮ್ಮಿ ಇತ್ತು ಅವರಿಗೆ? ಏನೂ ಇಲ್ಲ. ಮೂಳೆಯೊಳಗಿನ ನೈಟ್ರೋಜನ್ ಐಸೋಟೋಪ್ (ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು, ಏನು ತಿಂದಿದ್ರು ಕುಡಿದಿದ್ರು ಅನ್ನೋ ಸುಳಿವು ಅದರಲ್ಲಿರುತ್ತೆ) ನೋಡಿದ್ರೆ ಹತ್ತಿರ ಹತ್ತಿರ ಎರಡು ವರ್ಷದವರೆಗೂ ಎದೆಹಾಲು ಕುಡಿದಿದಾರೆ. ಎದೆಹಾಲು ಅಮೃತ ನಿಜ, ಆದ್ರೆ ವಿಟಮಿನ್ ಡಿ ಅದರಲ್ಲಿ ತೀರಾ ಕಮ್ಮಿ, ಅದು ಬರಬೇಕಾಗಿದ್ದು ಬಿಸಿಲಿಂದ. ಅರಮನೆ ಕೂಸನ್ನ ಬಿಸಿಲಿಗೆ ಬಿಡ್ತಾರಾ? ಬಟ್ಟೇಲಿ ಬಿಗಿಯಾಗಿ ಸುತ್ತಿ ದಪ್ಪ ಗೋಡೆ ಒಳಗೆ ಇಟ್ಟಿದ್ರು. ಕೂಲಿ ಮಾಡೋ ಹೆಂಗಸು ಹೊಲದ ಬದುವಲ್ಲಿ ಮಗು ಮಲಗಿಸ್ತಿದ್ದಳಲ್ಲ, ಆ ಮಗುವಿಗೆ ಸಿಕ್ಕಿದ ಬಿಸಿಲು ಈ ರಾಜಕುಮಾರರಿಗೆ ಸಿಗಲಿಲ್ಲ. ಇಲ್ಲಿ ಕೂತಿರೋ ಅಜ್ಜಿಯರು ನಗ್ತಿದೀರ, ಬಾಣಂತಿ ಕೋಣೆಗೆ ಗಾಳಿ ಬೆಳಕು ಬರಬಾರದು ಅಂತ ಕಿಟಕಿ ಮುಚ್ಚಿಸ್ತಿದ್ದೋರು ನೀವೇ ಅಲ್ವಾ? (ಇಲ್ಲಿ ಒಬ್ಬರು ಅಜ್ಜಿ "ಎಳೇ ಬಿಸ್ಲಿಗೆ ಎಣ್ಣೆ ಹಚ್ಚಿ ಮಲಗಿಸ್ತಿದ್ದೋರೂ ನಾವೇ ಕಣಪ್ಪಾ" ಅಂದ್ರು. ಪಾಯಿಂಟು. ಒಪ್ಪಿಕೊಂಡೆ.)

ಇನ್ನೊಂದು ಊರು ನೋಡಿ, ವ್ಹಾರಮ್ ಪರ್ಸಿ, ಇದೂ ಯಾರ್ಕ್‌ಶೈರೇ, ಆದ್ರೆ ಮಧ್ಯಯುಗದ ಹಳ್ಳಿ, ಆಮೇಲೆ ಹಾಳುಬಿದ್ದಿದ್ದು. ಕಾರ್ಖಾನೆ ಇಲ್ಲ ಹೊಗೆ ಇಲ್ಲ, ಎಲ್ರೂ ರೈತರು. ಅಲ್ಲಿ 687 ಅಸ್ಥಿಪಂಜರ ಸಿಕ್ಕಿದಾವೆ, ಅದರಲ್ಲಿ ಎಂಟು ಎಳೇ ಮಕ್ಕಳಿಗೆ ರಿಕೆಟ್ಸ್. ಬಯಲಲ್ಲಿ ಬದುಕೋ ಊರಲ್ಲಿ ಇದು ಹೇಗೆ ಬಂತು? ಅಲ್ಲಿ ಕೆಲಸ ಮಾಡಿದ ಸೈಮನ್ ಮೇಸ್ ಕೊಡೋ ಕಾರಣ ನನಗೆ ತುಂಬ ಸರಿ ಅನ್ಸುತ್ತೆ: ಈ ಮಕ್ಕಳು ಮೊದಲೇ ಬೇರೇನೋ ಕಾಯಿಲೆ ಬಿದ್ದವು, ಹುಷಾರಿಲ್ಲದ ಮಗು ಅಂತ ತಾಯಿ ಕತ್ತಲೆ ಗುಡಿಸಲೊಳಗೆ ಬೆಚ್ಚಗೆ ಮಲಗಿಸಿದ್ಲು, ತಿಂಗಳುಗಟ್ಟಲೆ ಹೊರಗೆ ತರಲಿಲ್ಲ, ಅದಕ್ಕೆ ರಿಕೆಟ್ಸ್ ಬಂತು. ಅಂದ್ರೆ ನಮ್ಮ ಕಣ್ಣಿಗೆ ಕಾಣ್ತಿರೋದು ಎರಡನೇ ಕಾಯಿಲೆ, ಮೊದಲನೇದು, ಬಹುಶಃ ಪ್ರಾಣ ತೆಗೆದಿದ್ದು, ಮೂಳೆ ಮೇಲೆ ಇಲ್ಲವೇ ಇಲ್ಲ.

ಇದಕ್ಕಿಂತ ದೊಡ್ಡ ತಮಾಷೆ ಕೇಳಿ. ರಿಕೆಟ್ಸ್ ಗುರುತು ಬೀಳಬೇಕಾದ್ರೆ ಮಗು ಬೆಳೀತಿರಬೇಕು. ಹೊಟ್ಟೆಗಿಲ್ಲದೇ ಬೆಳವಣಿಗೆಯೇ ನಿಂತುಹೋದ ಮಗುವಿನಲ್ಲಿ ವಿಟಮಿನ್ ಡಿ ಸೊನ್ನೆ ಇದ್ರೂ ಮೂಳೆ ತುದಿ ಅಗಲ ಆಗಲ್ಲ, ಯಾಕಂದ್ರೆ ಅಲ್ಲಿ ಹೊಸದಾಗಿ ಕಟ್ಟೋ ಕೆಲಸವೇ ನಡೀತಿಲ್ಲ. ತಿಂದುಂಡು ಬೆಳೆಯೋ ಮೆಡಿಚಿ ಮಗುವಿನಲ್ಲಿ ಚೆನ್ನಾಗಿ ಕಾಣುತ್ತೆ, ಬರಗಾಲದ ಮಗುವಿನಲ್ಲಿ ಕಾಣಲ್ಲ. ಇದನ್ನ ಮರೆತು ಎಣಿಸಿದ್ರೆ ಬರಗಾಲದ ಊರೇ ಆರೋಗ್ಯವಾಗಿತ್ತು ಅಂತ ಬರೆದುಬಿಡ್ತೀವಿ.

ಸ್ಕರ್ವಿನೂ ಇದೇ ಜಾತಿಯದ್ದು. ವಿಟಮಿನ್ ಸಿ ಇಲ್ದೇ ಇದ್ರೆ ರಕ್ತನಾಳದ ಗೋಡೆ ಸಡಿಲ ಆಗಿ ಸ್ವಲ್ಪ ಎಳೆದ್ರೂ ರಕ್ತ ಒಸರುತ್ತೆ. ನಿಮ್ಮ ಕಣತಲೆ ಮೇಲೆ ಬೆರಳಿಟ್ಟು ಹಲ್ಲು ಕಚ್ಚಿ ನೋಡಿ. ಉಬ್ಬಿತಾ? ಅದು ಅಗಿಯೋ ಸ್ನಾಯು. ಅದರ ಕೆಳಗೆ ಸ್ಫೀನಾಯ್ಡ್ ಅನ್ನೋ ಮೂಳೆಯ ರೆಕ್ಕೆ ಇದೆ. ಸ್ಕರ್ವಿ ಇರೋ ಮಗು ಹಾಲು ಚೀಪಿದಾಗ, ಅಗಿದಾಗ ಪ್ರತಿ ಸಲವೂ ಅಲ್ಲಿ ಸೂಕ್ಷ್ಮ ನಾಳಗಳು ಒಡೀತವೆ, ಆ ರಕ್ತಕ್ಕೆ ಮೂಳೆ ಉತ್ತರ ಕೊಡುತ್ತೆ, ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ತೂತು, ಎರಡೂ ಕಡೆ ಒಂದೇ ಥರ. ಡೊನಾಲ್ಡ್ ಆರ್ಟ್ನರ್ ಅಂತ ಅಮೆರಿಕದ ವಿಜ್ಞಾನಿ 1997ರಲ್ಲಿ ಸಹೋದ್ಯೋಗಿ ಜೊತೆ ಸೇರಿ ಇದನ್ನ ಎತ್ತಿ ತೋರಿಸಿದ್ಮೇಲೆ ಎಲ್ರೂ ಹಳೇ ಪೆಟ್ಟಿಗೆಗಳನ್ನ ಮತ್ತೆ ತೆಗೆದು ನೋಡೋಕೆ ಶುರು ಮಾಡಿದ್ರು. ಅದಕ್ಕೂ ನೂರು ವರ್ಷ ಮುಂಚೆ ಡಾಕ್ಟರುಗಳಿಗೇ ಇದು ಗೊಂದಲ ಇತ್ತು, ಮಕ್ಕಳ ಸ್ಕರ್ವಿಯನ್ನ ಜೋರಾದ ರಿಕೆಟ್ಸ್ ಅಂತಲೇ ಕರೀತಿದ್ರು, 1883ರಲ್ಲಿ ಲಂಡನ್ನಿನ ಥಾಮಸ್ ಬಾರ್ಲೋ ಇದು ಬೇರೆ, ಅದು ಬೇರೆ ಅಂತ ಬಿಡಿಸಿ ಹೇಳಿದ್ರು. ಆ ಕಾಲದ ಸ್ಕರ್ವಿ ಮಕ್ಕಳಲ್ಲಿ ಎಷ್ಟೋ ಜನ ಉಳ್ಳವರ ಮನೆಯವರು ಗೊತ್ತಾ, ಎದೆಹಾಲು ಬಿಟ್ಟು ಡಬ್ಬಿ ಹಾಲು, ಡಬ್ಬಿ ಹಿಟ್ಟು ಕೊಡ್ತಿದ್ರು, ಕಾಯಿಸಿ ಕುದಿಸಿ ವಿಟಮಿನ್ ಸಿ ಎಲ್ಲ ಹಾರಿ ಹೋಗಿರ್ತಿತ್ತು.

ಇನ್ನು ಐರ್ಲೆಂಡು. 1845ರಿಂದ ಅಲ್ಲಿ ಆಲೂಗಡ್ಡೆಗೆ ರೋಗ ಬಿತ್ತು. ಬಡವರು ಹೊಟ್ಟೆ ತುಂಬಿಸ್ತಿದ್ದಿದ್ದು ಅದೊಂದರಿಂದಲೇ, ವಿಟಮಿನ್ ಸಿ ಸಿಗ್ತಿದ್ದಿದ್ದೂ ಅದರಿಂದಲೇ. ಕಿಲ್ಕೆನಿ ಅನ್ನೋ ಊರಿನ ವರ್ಕ್‌ಹೌಸಿನ ಹಿತ್ತಲಲ್ಲಿ 1847ರಿಂದ 51ರ ನಡುವೆ ಸತ್ತವರನ್ನ ಗುಂಡಿಗಳಲ್ಲಿ ಹೂತಿದ್ರು, 2005ರಲ್ಲಿ ಅಲ್ಲಿ ಕಟ್ಟಡ ಕಟ್ಟೋಕೆ ಹೋದಾಗ ಸಿಕ್ಕಿತು, ಕಮ್ಮಿ ಅಂದ್ರೂ 970 ಜನ, ಅರ್ಧಕ್ಕಿಂತ ಹೆಚ್ಚು ಮಕ್ಕಳು. ಜಾನಿ ಗೇಬರ್ ಅನ್ನೋರು ಆ ಮೂಳೆಗಳನ್ನ ಒಂದೊಂದಾಗಿ ನೋಡಿದ್ರು, ಸ್ಕರ್ವಿ ಗುರುತು ಬಹಳ ಸಿಕ್ತು. ಈಗ ಯೋಚನೆ ಮಾಡಿ, ಹೊಸ ಮೂಳೆ ಪದರ ಕಟ್ಟೋಕೇ ವಿಟಮಿನ್ ಸಿ ಬೇಕು. ಪೂರ್ತಿ ಇಲ್ದೇ ಇದ್ದಾಗ ರಕ್ತ ಒಸರುತ್ತೆ, ಮೂಳೆ ಕಟ್ಟಲ್ಲ. ಹಾಗಾದ್ರೆ ಪದರ ಕಟ್ಟಿದೆ ಅಂದ್ರೆ ಆ ಮಗುವಿಗೆ ಸಾಯೋ ಮುಂಚೆ ಎಲ್ಲೋ ಸ್ವಲ್ಪ ಸರಿಯಾದ ಊಟ ಸಿಕ್ಕಿತ್ತು. ಗುರುತು ಬಿದ್ದಿದ್ದು ಹಸಿವಿನಿಂದ ಅಂತ ನಾವು ಅಂದ್ಕೊಂಡಿದ್ರೆ, ಅದು ಚೇತರಿಕೆಯ ಗುರುತು. ಆಮೇಲೆ ವರ್ಕ್‌ಹೌಸಿನ ಟೈಫಸ್ ಜ್ವರವೋ ಇನ್ನೊಂದೋ ಬಂದು ಮಗು ಸತ್ತಿರಬಹುದು, ಅದನ್ನ ಮೂಳೆ ಬರ್ಕೊಳ್ಳಲ್ಲ.

ನಮ್ಮ ಕಡೆಯ ಬರಗಳ ಮೂಳೆ ಯಾಕೆ ಓದಲ್ಲ ಅಂತ ಕೇಳ್ತೀರ. ಉತ್ತರ ಕರ್ನಾಟಕದವರಿಗೆ 1791-92ರ ಡೌಗಿ ಬರ ಗೊತ್ತಿರುತ್ತೆ, ತಲೆಬುರುಡೆ ಬರ. ಹೂಳೋರಿಲ್ಲದೇ ಬುರುಡೆಗಳು ಬಯಲಲ್ಲಿ ಬಿದ್ದಿದ್ವು ಅಂತಲೇ ಆ ಹೆಸರು. ಹೂತಿದ್ದರೆ ತಾನೇ ನಮಗೆ ಸಿಗೋದು.

ಕಣ್ಣಿನ ಗುಂಡಿಯ ಮೇಲ್ಛಾವಣಿಯಲ್ಲಿ ತೂತು ತೂತು ಆಗೋದು ಒಂದಿದೆ, ಪುಸ್ತಕಗಳಲ್ಲೆಲ್ಲ ರಕ್ತಹೀನತೆ, ಕಬ್ಬಿಣದ ಕೊರತೆ ಅಂತ ಬರೆದಿರ್ತಾರೆ. 2009ರಲ್ಲಿ ಫಿಲಿಪ್ ವಾಕರ್ ಮತ್ತೆ ತಂಡ ಕಬ್ಬಿಣದ ಕೊರತೆ ಒಂದರಿಂದ ಇದು ಆಗೋಕೆ ಸಾಧ್ಯ ಇಲ್ಲ, ವಿಟಮಿನ್ ಬಿ12 ಕೊರತೆ ಕಡೆ ನೋಡಿ ಅಂತ ವಾದ ಮಾಡಿದ್ರು, ಸ್ಕರ್ವಿಯಲ್ಲೂ ಅಲ್ಲಿ ರಕ್ತ ಒಸರಿ ಹೆಚ್ಚುಕಮ್ಮಿ ಹಾಗೇ ಕಾಣುತ್ತೆ. ನನಗಂತೂ ಅದೊಂದೇ ಗುರುತು ಇಟ್ಕೊಂಡು ಕಾಯಿಲೆ ಹೆಸರು ಹೇಳೋರ ಮೇಲೆ ನಂಬಿಕೆ ಕಮ್ಮಿ. ಎಕ್ಸ್‌ರೇಲಿ ಕಾಣೋ ಅಡ್ಡಗೆರೆಗಳೂ ಅಷ್ಟೇ, ಬೆಳವಣಿಗೆ ನಿಂತು ಶುರುವಾದ ಗೆರೆ ಅಂತಾರೆ, ಆರೋಗ್ಯವಾಗಿರೋ ಮಕ್ಕಳಲ್ಲೂ ಇರ್ತವೆ.

ಹಲ್ಲು ಮಾತ್ರ ಬೇರೆ ಕಥೆ. ಮೂಳೆ ಜೀವಮಾನವಿಡೀ ತನ್ನನ್ನ ತಾನೇ ಕೆಡವಿ ಕಟ್ಕೊಳ್ಳುತ್ತೆ, ಎನಾಮಲ್ ಒಮ್ಮೆ ಕಟ್ಟಿದ್ರೆ ಮುಗೀತು, ತಿದ್ದುಪಡಿ ಇಲ್ಲ. ಕಟ್ಟೋ ಹೊತ್ತಲ್ಲಿ ಜ್ವರ ಬಂದ್ರೆ, ಹೊಟ್ಟೆಗಿಲ್ದೇ ಇದ್ರೆ ಅಲ್ಲೊಂದು ಗೆರೆ, ಗುಳಿ. ಪಾವಗಡದ ಕಡೆಯವರು ಇಲ್ಲಿ ಯಾರಾದ್ರೂ ಇದ್ರೆ ನಿಮಗೆ ನಾನು ಹೇಳೋದೇ ಬೇಡ, ಚಿಕ್ಕಂದಿನಲ್ಲಿ ಕುಡಿದ ಬೋರ್‌ವೆಲ್ ನೀರಿನ ಫ್ಲೋರೈಡ್ ಹಲ್ಲಿನ ಮೇಲೆ ಕಂದು ಪಟ್ಟೆಯಾಗಿ ಕೂತಿರುತ್ತೆ, ಆಮೇಲೆ ಬೆಂಗಳೂರಿಗೆ ಹೋಗಿ ಫಿಲ್ಟರ್ ನೀರು ಕುಡಿದ್ರೂ ಅಳಿಸಲ್ಲ. ಆ ಪಟ್ಟೆ ಸಾವಿರ ವರ್ಷ ಆದ್ಮೇಲೂ ಹಾಗೇ ಇರುತ್ತೆ.

ಈಗ ನಮ್ಮ ಪಕ್ಕದ ಊರಿಗೆ ಬರ್ತೀನಿ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಅಶೋಕನ ಶಾಸನದ ಜಾಗ ಅಂತ ಸ್ಕೂಲ್ ಟ್ರಿಪ್ಪಲ್ಲಿ ಹೋಗಿರ್ತೀರ. ಎಂ.ಎಚ್. ಕೃಷ್ಣ ಅವರು ಅಗೆದ್ಮೇಲೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆದ್ರು, ಅಲ್ಲಿ ಕಲ್ಲುಕೊಡಲಿ ಕಾಲದ ಪದರದಲ್ಲಿ ಮನೆಗಳಿದ್ದ ಜಾಗದಲ್ಲೇ ಎಳೇ ಮಕ್ಕಳನ್ನ ಗಡಿಗೆಯೊಳಗೆ ಇಟ್ಟು ಹೂತಿದ್ದು ಸಿಕ್ಕಿತು. ಬಳ್ಳಾರಿ ಕಡೆ ತೆಕ್ಕಲಕೋಟೆಯಲ್ಲೂ ಇದೇ ಪದ್ಧತಿ. ಇವತ್ತಿಗೂ ದೊಡ್ಡವರನ್ನ ಸುಡೋ ಮನೆಗಳಲ್ಲೂ ಹಾಲುಗೂಸನ್ನ ಹೂಳ್ತೀವಲ್ಲ, ನೋಡಿ. ಆದ್ರೆ ಈ ಥರದ ಮಕ್ಕಳನ್ನ ತುಂಬ ಹತ್ತಿರದಿಂದ ಓದಿದ್ದು ಮಹಾರಾಷ್ಟ್ರದ ಇನಾಮಗಾಂವ್‌ನಲ್ಲಿ, ಪುಣೆ ಜಿಲ್ಲೆ, ಘೋಡ್ ನದಿ ದಂಡೆ. ಡೆಕ್ಕನ್ ಕಾಲೇಜಿನವರು 1968ರಿಂದ ಹದಿನಾಲ್ಕು ಹದಿನೈದು ವರ್ಷ ಅಗೆದ್ರು. ಎರಡು ಗಡಿಗೆ ಬಾಯಿಗೆ ಬಾಯಿ ಸೇರಿಸಿ ಅಡ್ಡ ಮಲಗಿಸಿ ಮನೆಯ ನೆಲದ ಕೆಳಗೇ ಇಟ್ಟಿದ್ರು, ಒಳಗೆ ಮಗು.

ಜಾನ್ ಲುಕಾಚ್ ಮತ್ತೆ ಡೆಕ್ಕನ್ ಕಾಲೇಜಿನ ವಾಲಿಂಬೆ ಅವರು ನೋಡಿದ್ದು ಹಾಲುಹಲ್ಲಿನ ಕೋರೆ, ಅದರ ತುಟಿ ಕಡೆಯ ಮುಖದಲ್ಲಿ ಒಂದು ಪುಟ್ಟ ಗುಂಡು ಗುಳಿ. ಅದು ಯಾಕೆ ಬೀಳುತ್ತೆ ಅನ್ನೋದಕ್ಕೆ ಕೊಡೋ ವಿವರಣೆ ಚೆನ್ನಾಗಿದೆ: ಹಲ್ಲು ಇನ್ನೂ ಒಸಡಿನ ಒಳಗೆ ಕಟ್ತಿರುವಾಗ ಅದರ ಮುಂದೆ ಇರಬೇಕಾದ ತೆಳು ಮೂಳೆಗೋಡೆ ಪೋಷಣೆ ಕಮ್ಮಿಯಾಗಿ ಕಾಗದದಷ್ಟು ತೆಳ್ಳಗೋ ಇಲ್ಲವೇ ತೂತೋ ಆಗಿರುತ್ತೆ, ಆರೇಳು ತಿಂಗಳ ಕೂಸು ಸಿಕ್ಕಿದ್ದೆಲ್ಲ ಬಾಯಿಗೆ ಹಾಕ್ಕೊಳ್ಳುತ್ತಲ್ಲ, ಗಿಲಕಿ ಬಡಿಯುತ್ತೆ, ನೆಲಕ್ಕೆ ಮುಖ ಕೊಡುತ್ತೆ, ಆ ಪೆಟ್ಟು ನೇರ ಹಲ್ಲಿನ ಮೊಗ್ಗಿಗೆ ತಗಲುತ್ತೆ. ಅಂದ್ರೆ ಪೆಟ್ಟು ಎಲ್ಲ ಕೂಸಿಗೂ ಬೀಳುತ್ತೆ, ಗುಳಿ ಬೀಳೋದು ಪೋಷಣೆ ಇಲ್ಲದ ಕೂಸಿಗೆ. ಇನಾಮಗಾಂವ್‌ನಲ್ಲಿ ಕೊನೇ ಕಾಲಕ್ಕೆ, ಸುಮಾರು ಕ್ರಿಸ್ತಪೂರ್ವ 1000 ಆದ್ಮೇಲೆ, ಬೇಸಾಯ ಕುಂಠಿತ ಆಗಿ ಜನ ಬೇಟೆ, ಕಾಡುಹಣ್ಣು, ಕುರಿ ಕಡೆ ವಾಲಿದ ಕಾಲದಲ್ಲಿ, ಈ ಗುಳಿ ಎಷ್ಟು ಬದಲಾಯ್ತು ಅನ್ನೋದನ್ನ ಅವರು ಎಣಿಸಿ ನೋಡಿದ್ರು. ಮೂರು ಸಾವಿರ ವರ್ಷದ ಹಿಂದಿನ ಬೆಳೆ ಕಥೆ ಒಂದು ಹಾಲುಹಲ್ಲಲ್ಲಿ!

ಡಿಎನ್ಎ ಬಗ್ಗೆ ಕೇಳಿದ್ರಿ, ಚಿಕ್ಕದಾಗಿ ಹೇಳ್ತೀನಿ. ಡೌನ್ ಸಿಂಡ್ರೋಮ್ ಮೂಳೆ ನೋಡಿ ಖಡಾಖಂಡಿತ ಹೇಳೋದು ಕಷ್ಟ, ಡಿಎನ್ಎಯಲ್ಲಿ 21ನೇ ಕ್ರೋಮೋಸೋಮ್ ಜಾಸ್ತಿ ಇರೋದು ನೇರ ಎಣಿಕೆಗೆ ಸಿಗುತ್ತೆ. 2024ರಲ್ಲಿ ಹತ್ತಿರ ಹತ್ತಿರ ಹತ್ತು ಸಾವಿರ ಹಳೇ ಸ್ಯಾಂಪಲ್ ಸೋಸಿದಾಗ ಅಂಥ ಆರು ಮಕ್ಕಳು ಸಿಕ್ಕವು, ಎಲ್ಲವೂ ತೀರಾ ಎಳೇ ವಯಸ್ಸಿನವು. ಸ್ಪೇನಿನಲ್ಲಿ ಸಿಕ್ಕವನ್ನ ಮನೆಯೊಳಗೇ ಹೂತಿದ್ರು, ಆ ಊರುಗಳಲ್ಲಿ ದೊಡ್ಡವರನ್ನ ಸುಡ್ತಿದ್ರು. ಅದೇ ವರ್ಷ ಸ್ಪೇನಿನ ಕೋವಾ ನೆಗ್ರಾ ಗುಹೆಯ ನಿಯಾಂಡರ್ತಾಲ್ (ಅಳಿದುಹೋದ ಹಳೇ ಮನುಷ್ಯ ಜಾತಿ) ಮಗುವಿನ ಒಳಕಿವಿ ಮೂಳೆಯಲ್ಲಿ ಡೌನ್ ಸಿಂಡ್ರೋಮಿನ ಗುರುತು ಕಂಡ್ರು, ಇದು ಡಿಎನ್ಎಯಿಂದ ಅಲ್ಲ, ಮೂಳೆಯ ಆಕಾರದಿಂದಲೇ. ಆ ಮಗು ಕಮ್ಮಿ ಅಂದ್ರೂ ಆರು ವರ್ಷ ಬದುಕಿತ್ತು. ಕಿವಿ ಸರಿಯಾಗಿ ಕೇಳ್ತಿರಲಿಲ್ಲ, ತಲೆ ಸುತ್ತಿ ಬೀಳ್ತಿತ್ತು, ಅಂಥದ್ದನ್ನ ಗುಹೆ ಗುಡ್ಡ ಅಲೆಯೋ ಗುಂಪು ಆರು ವರ್ಷ ಹೊತ್ತಿದೆ.

ಪ್ರಶ್ನೆಗಳು ಬಹಳ ಬಂದವು, ಎಲ್ಲ ಬರೆಯೋಕಾಗಲ್ಲ. ಕೊನೇದು ಹಿಂದಿನ ಸಾಲಲ್ಲಿ ನಿಂತಿದ್ದ ಗಾರೆ ಕೆಲಸದವರೊಬ್ಬರದ್ದು. ಪಾಯ ತೋಡುವಾಗ ಒಂದ್ಸಲ ಗಡಿಗೆ ಸಿಕ್ಕಿತ್ತಂತೆ, ಒಳಗೆ ಸಣ್ಣ ಸಣ್ಣ ಮೂಳೆ, ಏನು ಮಾಡಬೇಕಿತ್ತು ಅಂತ. ಮುಟ್ಟದೇ ಹಾಗೇ ಬಿಟ್ಟು ಫೋಟೋ ತೆಗೆದು ಪುರಾತತ್ವ ಇಲಾಖೆಗೋ ತಹಶೀಲ್ದಾರ್ ಆಫೀಸಿಗೋ ಹೇಳಿ ಅಂದೆ, ಮುಖ್ಯವಾಗಿ ಗಡಿಗೆಯೊಳಗಿನ ಮಣ್ಣು ಚೆಲ್ಲಬೇಡಿ, ಹಲ್ಲಿನ ಮೊಗ್ಗು ಇರೋದೇ ಅದರಲ್ಲಿ.

ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತು ಹೇಳಿದ್ರು: "ನಾವು ಮಣ್ಣೆಲ್ಲ ಚೆಲ್ಲಿ ಗಡಿಗೆ ಒಂದು ಇಟ್ಕೊಂಡ್ವಲ್ಲ ಸಾರ್."